ಮೇಲಕ್ಕೇಳದ ಕಾಫಿ ಲೋಟ

ಗೆಳೆಯರೇ, ಇವತ್ತು ಇಂಜಿನಿಯರಿಂಗ್ ಓದುವ ಮಗಳಿಗೆ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಪಾಠ ಮಾಡಿದೆ. ನಗಬೇಡಿ, ಪೂರ್ತಿ ಓದಿ.

ಬೆಳಿಗ್ಗೆ ಲೆಕ್ಕದ ಪುಸ್ತಕದ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು. "ಏನಮ್ಮ ಅದು?" ಅಂದೆ.

"ಮೂರು ವೆಕ್ಟರ್ ಕೊಟ್ಟಿದಾರೆ. ಯಾವ್ದಾದ್ರೂ ಒಂದನ್ನ ಮಿಕ್ಕಿದ್ರಿಂದ ಮಾಡಕ್ಕಾದ್ರೆ ಅವು ಇಂಡಿಪೆಂಡೆಂಟ್ ಅಲ್ಲ. ಬಿಡಪ್ಪ, ನಿಂಗೊತ್ತಾಗಲ್ಲ."

"ವೆಕ್ಟರ್ ಅಂದ್ರೆ?"

"ಯಾವ ಕಡೆಗೆ, ಎಷ್ಟು ದೂರ. ಅಷ್ಟೇ."

ಅಷ್ಟೇನಾ! ಪೀಣ್ಯದ ಕಾರ್ಖಾನೆಯಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮಷೀನಿನಲ್ಲಿ ಇಪ್ಪತ್ತು ವರ್ಷದಿಂದ ನಾನು ತಿರುಗಿಸುತ್ತಿರುವುದು ಅದನ್ನೇ. ಒಂದು ಹ್ಯಾಂಡಲ್ ಮಷೀನಿನ ಮೇಜನ್ನು ಬಲಕ್ಕೆ ಸರಿಸುತ್ತದೆ, ಇನ್ನೊಂದು ಮುಂದಕ್ಕೆ, ಮೂರನೆಯದು ಮೇಲಕ್ಕೆ. ನೆಲದ ಮೇಲೆ ಕಾಫಿ ಲೋಟ ಇಟ್ಟು "ಓದು" ಅಂದೆ.

"ಒಂದನೇದು ಬಲಕ್ಕೆ ಒಂದು. ಎರಡನೇದು ಮುಂದಕ್ಕೆ ಒಂದು. ಮೂರನೇದು ಬಲಕ್ಕೆ ಎರಡು, ಮುಂದಕ್ಕೆ ಮೂರು. ಮೇಲಕ್ಕೆ ಎಲ್ಲಾದಕ್ಕೂ ಸೊನ್ನೆ."

ಲೋಟ ಸರಿಸಿದೆ. "ಮೊದಲ್ನೇ ಹ್ಯಾಂಡಲ್ ಎರಡು ಸುತ್ತು, ಎರಡನೇದು ಮೂರು ಸುತ್ತು. ಬಂತಲ್ಲ! ನಿನ್ ಮೂರನೇದು ದಂಡಪಿಂಡ ಕಣಮ್ಮ. ಲೋಟ ಮೇಲಕ್ಕೆ ಏಳ್ಲೇ ಇಲ್ಲ."

ಪುಸ್ತಕದ ಹಿಂದೆ ಉತ್ತರ ನೋಡಿದಳು. "ಇಂಡಿಪೆಂಡೆಂಟ್ ಅಲ್ಲ ಅಂತಾನೇ ಇದೆ! ಅಪ್ಪಾ, ನಮ್ ಸರ್‌ಗಿಂತ ಚೆನ್ನಾಗಿ ಹೇಳ್ದೆ."

"ಅಂಗಾದ್ರೆ ಒಂದಿನ ನಿಮ್ ಕ್ಲಾಸಲ್ಲಿ ಕೊನೇ ಬೆಂಚಲ್ಲಿ ಕೂರಕ್ಕೆ ಬಿಡ್ತಾರಾ ಕೇಳು."

ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಬಸ್ ಸ್ಟಾಪಿನ ತನಕ ಅವಳ ಕಾಲೇಜು ಬ್ಯಾಗನ್ನು ನಾನೇ ಬೆನ್ನಿಗೆ ಹಾಕಿಕೊಂಡು ನಡೆದೆ.

ದಿನಕ್ಕೆ ಹತ್ತು ಜೋಕ್ ಹೇಳುವವನ ಪಾಡೇ ಇದು. ಹನ್ನೊಂದನೆಯ ಸಲ ಮನಸಾರೆ ಏನಾದರೂ ಕೇಳಿಕೊಂಡರೂ ಯಾರೂ ನಂಬುವುದಿಲ್ಲ.