ಗುಳಿ ಬೀಳುವ ಹೊತ್ತು
ಅಹಮದಾಬಾದಿನಲ್ಲಿ ಗಾಲ್ಫ್ ಚೆಂಡುಗಳ ವಿನ್ಯಾಸ ಮಾಡುವ ಎಂಜಿನಿಯರ್ ಗುರುಕಿರಣನಿಗೆ ಜಗತ್ತೆಲ್ಲ ಗುಳಿಮಯ. ಮೈಮೇಲೆ ಗುಳಿಗಳಿಲ್ಲದಿದ್ದರೆ ಚೆಂಡು ಅರ್ಧ ದಾರಿಯಲ್ಲೇ ನೆಲ ಕಚ್ಚುತ್ತದೆಂದು ಆಟೋದವನಿಗೂ ಬೋಧಿಸುತ್ತಾನೆ. ಬೇರೆ ಕಂಪನಿಯ ಹೊಸ ಚೆಂಡು ಸಿಕ್ಕರೆ ಗರಗಸದಿಂದ ಸೀಳಿ, ಒಳಗಿನ ರಬ್ಬರ್ ಪದರಗಳನ್ನು ಮೂಸಿಯೂ ನೋಡುತ್ತಾನೆ. ಗುಳಿಯಪ್ಪದ ಕಾವಲಿ ಕಂಡರೂ ಆಳ ಅಳೆಯುವವನೇ. “ಮಾರಾಯ್ರೇ, ಅದು ತಿನ್ಲಿಕ್ಕೆ, ಹಾರಿಸ್ಲಿಕ್ಕಲ್ಲ!” ಎಂದು ಹೆಂಡತಿ ಕೃಪಾ ಗದರುತ್ತಾಳೆ. ಮುಖದ ನರ ಸೋತು, ನಕ್ಕಾಗ ಅವಳ ಎಡಗೆನ್ನೆಯಲ್ಲಿ ಬೀಳುತ್ತಿದ್ದ ಗುಳಿ ಮಾಯವಾದಾಗಿನಿಂದ, ಅವಳನ್ನು ನಗಿಸಿ ಆ ಕೆನ್ನೆ ನೋಡದೆ ಅವನು ಕೆಲಸಕ್ಕೆ ಹೊರಡುವುದಿಲ್ಲ. ಇವತ್ತು ಅವನು ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ಬಂದದ್ದಕ್ಕೆ ಅವಳು ನಕ್ಕಳು. “ಬಿತ್ತು! ಬಿತ್ತು ಮಾರಾಯ್ತಿ!” ಎಂದು ಅವನು ಕಿರುಚಿದ. ಕೆಳಮನೆಯಲ್ಲಿರುವ, ಹೋಟೆಲು ನಡೆಸುವ ಪದ್ಮನಾಭಣ್ಣ “ಯಾರು ಬಿದ್ದದ್ದು?” ಎಂದು ಏದುಸಿರು ಬಿಡುತ್ತ ಓಡಿಬಂದರೆ, ಗುರುಕಿರಣ ಹೆಂಡತಿಯ ಕೆನ್ನೆಗೆ ಬೆರಳಿಟ್ಟು ತೋರಿಸಿದ.