ಕಲ್ಲಿನ ಸದ್ದಿದ್ದ ಕ್ಯಾಸೆಟ್

ರಾಮದುರ್ಗದಿಂದ ಬೆಳಗಿನ ಬಸ್ಸು ಹತ್ತಿದೆ. ಒಳ್ಳೆಯ ಚಳಿಯಿತ್ತು. ಬೀಸುವ ಪದಗಳ ಧಾಟಿಗೆ ಆಧಾರ ಸಿಗದಿದ್ದರೆ ನನ್ನ ಸಂಶೋಧನಾ ಪ್ರಬಂಧದಿಂದ ಆ ಅಧ್ಯಾಯವನ್ನೇ ತೆಗೆಯಬೇಕೆಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಪದಗಳು ಅಚ್ಚಿನಲ್ಲಿದ್ದವು, ಹಾಡುವವರು ಇರಲಿಲ್ಲ. ಹತ್ತಿರದ ಸಾಲಹಳ್ಳಿಯಲ್ಲಿ ಕೇಳಿದರೆ, ಗಿರಣಿ ಬಂದ ಮೇಲೆ ಬೀಸುಕಲ್ಲಿನ ಜೊತೆ ಪದವೂ ಮೂಲೆ ಸೇರಿತೆಂದರು. ಸಂಗೀತ ಶಿಕ್ಷಕಿಯಾದ ನಾನು ಹಾರ್ಮೋನಿಯಂ ಮುಂದೆ ಕುಳಿತು, ಸಾಲಿಗೆ ಸಾಲು ಜೋಡಿಸಿ ಹಾಡಿ ನೋಡಿದ್ದೆ. ಶಾಲೆಯ ಪ್ರಾರ್ಥನೆಯಂತೆ ಕೇಳುತ್ತಿತ್ತು.

ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು. ಹುಣ್ಣಿಮೆ ಹತ್ತಿರವಿದ್ದದ್ದರಿಂದ ದೇವಿಯ ಗುಡ್ಡಕ್ಕೆ ಹೋಗುವವರೇ ನಿಲ್ದಾಣದ ತುಂಬ. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ, ಸೀಟು ಮಾತ್ರ ಹಣೆಬರಹ. ಒಂದು ಚಹಾ ಕುಡಿದು, ಹಳೆಯ ಧ್ವನಿಮುದ್ರಣಗಳಿವೆಯೆಂದು ಕೇಳಿದ್ದ ವಿಶ್ವವಿದ್ಯಾಲಯದವರೆಗೆ ನಿಂತುಕೊಂಡೇ ಹೋದೆ.

ಅಲ್ಲಿಯ ಗ್ರಂಥಪಾಲಕಿ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದರು. ನಮ್ಮ ಸೀಮೆಯ ಬೀಸುವ ಪದ ಒಂದೇ ಒಂದಿತ್ತು. ಅದನ್ನು ಧ್ವನಿಮುದ್ರಿಸಿಕೊಂಡವರು ಯಾರೋ ಡಬ್ಬಿಯ ಮೇಲೆ ‘ಕಲ್ಲಿನ ಸದ್ದು, ಬಳಕೆಗೆ ಬಾರದು’ ಎಂದು ಬರೆದಿದ್ದರು. ನನ್ನ ಮುಖ ಸಪ್ಪಗಾಯಿತು.

“ಕೆಟ್ಟೇತಿ ಅಂತ ಬರದ್ರೂ ಒಗಿಯಾಕ ಮನಸ್ಸಾಗಲಿಲ್ಲರಿ. ಕುಂತು ಕೇಳ್ರಿ,” ಎಂದು ಅವರು ಹೆಡ್‌ಫೋನ್ ಕೊಟ್ಟರು.

ಮೊದಲು ಕಲ್ಲಿನ ಗರಗರ. ಅದರೊಳಗಿಂದ ಒಬ್ಬ ಹೆಂಗಸಿನ ದನಿ ಎದ್ದಿತು. ಎರಡು ಸಾಲು ಹಾಡಿ ನಿಲ್ಲಿಸಿದಳು. ಮರೆತಳೇನೋ ಅಂದುಕೊಂಡೆ. ಮತ್ತೆ ಎರಡು ಸಾಲು, ಮತ್ತೆ ಅಷ್ಟೇ ಬಿಡುವು. ಆ ಬಿಡುವಿನಲ್ಲಿ ಕಾಳು ಉದುರುವ ಸಣ್ಣ ಸದ್ದಿತ್ತು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕುವ ಹೊತ್ತು ಅದೆಂದು ಆಗ ತಿಳಿಯಿತು. ಅಚ್ಚಾದ ಪುಸ್ತಕದಲ್ಲಿ ಅದು ಇರಲಿಲ್ಲ, ಹಾಗಾಗಿ ನನ್ನ ಹಾಡಿನಲ್ಲೂ ಇರಲಿಲ್ಲ. ನಡುವೆ ಧ್ವನಿಮುದ್ರಿಸುವವರು ಕಲ್ಲು ನಿಲ್ಲಿಸಿ ಬರೀ ಹಾಡಲು ಹೇಳಿದರು. ಆಕೆ ಒಪ್ಪಲಿಲ್ಲ.

“ಕಾಳ ಹಾಕದನ ಮುಂದಿನ ನುಡಿ ಹ್ಯಾಂಗ ಬರತೈತ್ರಿ?”

ನನಗೆ ಕಣ್ಣು ತುಂಬಿ ಬಂತು. ಆಕೆ ಹಠ ಹಿಡಿಯದಿದ್ದರೆ, ಈ ಗ್ರಂಥಪಾಲಕಿ ಒಗೆದುಬಿಟ್ಟಿದ್ದರೆ, ನಾನು ಬರಿಗೈಲಿ ತಿರುಗುತ್ತಿದ್ದೆ. ಹಾಡಿದಾಕೆ ಸಿಗುವಂತಿರಲಿಲ್ಲ, ಇವರಿಗಾದರೂ ಕೈಮುಗಿದೆ. ಅವರು ನಕ್ಕು, ಒಂದು ಅರ್ಜಿ ಬರೆಸಿಕೊಂಡು, ಪ್ರತಿಯನ್ನು ಮೊಬೈಲಿಗೆ ಹಾಕಿಕೊಟ್ಟರು. ಮಾರ್ಗದರ್ಶಕರಿಗೂ ಕಳಿಸಿದೆ. ಸವದತ್ತಿ ಮುಟ್ಟುವಷ್ಟರಲ್ಲಿ, ಅಧ್ಯಾಯ ಇರಲಿ ಎಂದು ಉತ್ತರ ಬಂದಿತ್ತು.

ರಾಮದುರ್ಗದ ಬಸ್ಸಿನಲ್ಲಿ ಕೊನೆಗೂ ಸೀಟು ಸಿಕ್ಕಿತು. ಕಿಟಕಿಯಾಚೆ ಬಿಳಿಜೋಳ ತೆನೆ ಬಿಟ್ಟಿತ್ತು. ಧ್ವನಿಮುದ್ರಣವನ್ನು ಪೂರ್ತಿ ಕೇಳುತ್ತ ಕುಳಿತೆ. ಹಾಡು ಮುಗಿದು ಕಲ್ಲು ನಿಂತ ಮೇಲೂ ಕ್ಯಾಸೆಟ್ ಓಡುತ್ತಿತ್ತು. ಹಿಟ್ಟು ಬಳಿಯುವ ಸದ್ದು ಕೇಳಿಸಿತು. ಆಮೇಲೆ ಆಕೆ, ತನ್ನ ಹಾಡು ಬಳಕೆಗೆ ಬಾರದೆಂದು ಬರೆಯಲಿದ್ದ ಆ ಮನುಷ್ಯನಿಗೆ ಹೇಳಿದಳು:

“ಹಂಗ ಹೋಗಬ್ಯಾಡ್ರಿ. ಇದ ಹಿಟ್ಟಿನ ರೊಟ್ಟಿ ಬಡದ ಕೊಡತೇನಿ, ಉಂಡು ಹೋಗ್ರಿ.”