ಎರಡು ನಿಮಿಷ ಮಿನುಗುವ ದೀಪ

ನನ್ನ ತಂಗಿ ನೀಲವ್ವ ತನ್ನ ಫೋನಿಗೆ ಮನೆಯ ನೆಟ್ ಹಚ್ಚಿಕೊಡು ಅಂತ ಹನ್ನೊಂದು ದಿನ ಕೇಳಿದಳು. ನಾನು ಹಚ್ಚಿಕೊಡಲಿಲ್ಲ. ಹನ್ನೆರಡನೆಯ ದಿನ ಕೇಳಲು ಅವಳು ಇರಲಿಲ್ಲ.

ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ನೀವು ನಂಬದಿದ್ದರೂ ನಡೆಯುತ್ತದೆ, ಹಗಲು ಹೊತ್ತಿನಲ್ಲಿ ನಾನೂ ಪೂರಾ ನಂಬುವುದಿಲ್ಲ. ಆದರೆ ನಡೆದದ್ದು ಖರೆ. ಬ್ಯಾಡಗಿಯ ನಮ್ಮ ಮನೆಯಲ್ಲೇ, ಇದೇ ಮೆಣಸಿನಕಾಯಿ ಸುಗ್ಗಿಯಲ್ಲಿ ನಡೆಯಿತು. ಈಗಲೂ ರಾತ್ರಿ ಎಂಟಾದರೆ ನಾನು ಟಿವಿಯ ಗೂಡಿಗೆ ಬೆನ್ನು ಮಾಡಿ ಕೂಡುತ್ತೇನೆ. ಅಲ್ಲಿರುವ ಆ ಬಿಳಿ ಪೆಟ್ಟಿಗೆಯ ಹಿಂದೆ ಕೈ ಹಾಕುವುದಿಲ್ಲ.

ನಾನು ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊಲಿಯುವವನು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟೆ. ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ನೀಲವ್ವ ಅಲ್ಲೇ ಒಂದು ಗೋದಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ಅಕ್ಷತಾಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಹಿಂದಿನ ಕೋಣೆ ಅವಳದು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ದಿನವಿಡೀ ತೊಟ್ಟು ಮುರಿಯುವ ಬೆರಳನ್ನು ಕೇಳಬೇಕು. ನೀಲವ್ವನ ಬೆರಳ ತುದಿ ಸದಾ ಉರಿಯುತ್ತಿತ್ತು. ಮನೆಗೆ ಬಂದವಳೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬಾಗಿಲು ಬಡಿಯುವಾಗ ಬೆರಳು ಮಡಿಚಿ ಗೆಣ್ಣಿನಿಂದ ಬಡಿಯುತ್ತಿದ್ದಳು. ಎರಡೇ ಸಲ... ಟಕ್, ಟಕ್. ಫೋನನ್ನೂ ಗೆಣ್ಣಿನಿಂದಲೇ ಒತ್ತುತ್ತಿದ್ದಳು.

ಅಕ್ಷತಾ ಹಾವೇರಿಯ ಒಂದು ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಅಲ್ಲಿ ರಾತ್ರಿ ಎಂಟರಿಂದ ಎಂಟೂವರೆಯ ತನಕ ಮಾತ್ರ ಮಕ್ಕಳ ಕೈಗೆ ಫೋನ್ ಕೊಡುತ್ತಾರೆ. ನಮ್ಮ ಮನೆ ಕೋಲ್ಡ್ ಸ್ಟೋರೇಜಿನ ತಗಡಿನ ಗೋಡೆಗೆ ಹತ್ತಿಕೊಂಡಂತೆ ಇದೆ, ಒಳಗೆ ಸಿಗ್ನಲ್ ಬರುವುದಿಲ್ಲ. ಮಗಳ ಮುಖ ನೋಡಬೇಕೆಂದರೆ ನೀಲವ್ವ ಕತ್ತಲೆಯಲ್ಲಿ ಟಾರು ರಸ್ತೆಯ ತನಕ ಹೋಗಿ ನಿಲ್ಲಬೇಕಿತ್ತು. ಸುಗ್ಗಿಯಲ್ಲಿ ಆ ರಸ್ತೆಯ ಮೇಲೆ ಚೀಲ ಹೇರಿದ ಗಾಡಿಗಳು ಒಂದರ ಹಿಂದೆ ಒಂದು.

ಅದಕ್ಕೇ ಮನೆಗೆ ನೆಟ್ ಬರುತ್ತದೆ ಅಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಅವಳು.

ರಾಣೆಬೆನ್ನೂರಿನಿಂದ ರಫೀಕ್ ಅನ್ನುವವನು ಬಂದು ಕಂಬದಿಂದ ಸಣ್ಣ ಕರಿ ವಾಯರು ಎಳೆದ. ಗೋಡೆಗೆ ತೂತು ಹಾಕಿ, ಎರಡು ಕೊಂಬಿನ ಬಿಳಿ ಪೆಟ್ಟಿಗೆಯನ್ನು ಟಿವಿಯ ಪಕ್ಕದ ಗೂಡಿನಲ್ಲಿ ಕೂಡಿಸಿದ. ಟಿವಿಗೆ ಹಚ್ಚಿದ, ನನ್ನ ಫೋನಿಗೆ ಹಚ್ಚಿದ. ನೀಲವ್ವ ಕೆಲಸಕ್ಕೆ ಹೋಗಿದ್ದಳು.

"ಬ್ಯಾರೇ ಫೋನ್ ಹಚ್ಚೂದಿದ್ರ ತಳಗಿನ ಚೀಟ್ಯಾಗಿನ ಪಾಸ್‌ವರ್ಡ್ ಹೊಡೀರಿ," ಅಂದ. "ಹಳೇ ಫೋನ್ ಇದ್ರ ಅದೂ ಬ್ಯಾಡ. ಹಿಂದ ಗುಂಡಿ ಐತಿ ನೋಡ್ರಿ, ಒತ್ತಿದ್ರ ಆತು. ತಿಳೀತಲ್ರಿ?"

"ತಿಳೀತ್ ಬಿಡು," ಅಂದೆ.

ಏನೂ ತಿಳಿದಿರಲಿಲ್ಲ. ಅವನು ಇನ್ನೊಂದು ಮನೆಯ ಕೆಲಸಕ್ಕೆ ಮೇಡ್ಲೇರಿಗೆ ಹೋಗುವ ಗಡಿಬಿಡಿಯಲ್ಲಿದ್ದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಂದೆ ಇನ್ನೊಮ್ಮೆ ಹೇಳು ಅನ್ನಲು ನನಗೆ ಬಾಯಿ ಬರಲಿಲ್ಲ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆಟ್ಟಿಗೆ ಮಗುಚಿ ಆ ಚೀಟಿ ನೋಡಿದೆ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವೆ ಅಂಕಿ, ಒಂದು ಡೊಂಕು ಗೆರೆ. ನೀಲವ್ವನ ಫೋನ್ ಹಿಡಿದು ಒಂದೊಂದೇ ಹುಡುಕಿ ಒತ್ತಿದೆ. ತಪ್ಪು ಅಂತ ಬಂತು. ಮತ್ತೆ ಒತ್ತಿದೆ. ಮತ್ತೆ ತಪ್ಪು. ಹಿಂದಿನ ಗುಂಡಿಯ ಮಾತು ತಲೆಯಿಂದ ಹೋಗೇಬಿಟ್ಟಿತ್ತು.

ಮುಂಜಾನೆ ನನ್ನ ಬಾಗಿಲಿಗೆ ಟಕ್, ಟಕ್.

"ಅಣ್ಣಾ, ಆತೇನು?"

"ನಾಳೆ ನೋಡೂಣು."

ಮರುದಿನವೂ ಹಾಗೇ, ಅದರ ಮರುದಿನವೂ. ಸುಗ್ಗಿಯಲ್ಲಿ ನಾನು ಮನೆ ಸೇರುವುದು ಒಂಬತ್ತು ಗಂಟೆಗೆ, ನನ್ನ ಫೋನೂ ನನ್ನ ಜೊತೆಗೇ ಬರುವುದು ಆಗ. ಹೆಂಡತಿಯದು ಮಾತಾಡಲು ಮಾತ್ರ ಬರುವ ಸಾದಾ ಫೋನು. ಹೀಗಾಗಿ ನೀಲವ್ವ ರಸ್ತೆಗೆ ಹೋಗುವುದು ತಪ್ಪಲಿಲ್ಲ. ಐದನೆಯ ದಿನ ನಾನೊಂದು ಸುಳ್ಳು ಹುಟ್ಟಿಸಿದೆ.

"ಮಂದಿ ಹೆಚ್ಚಾದ್ರ ಟಿವಿ ನಿಂದರ್ತದ. ಒಂದ ಫೋನಿಗೆ ಕೊಟ್ಟಾರ."

ಅವಳು ನಕ್ಕಳು. "ಹಂಗಾದ್ರ ನಿನ್ನ ನೆಟ್ ನೀನ ಇಟ್ಕೋ. ಯುಗಾದಿಗೆ ಹೋಳಗಿ ಮಾಡ್ಕೊಂಡು ತಿನ್ನು ಅದನ್ನ."

ಆಮೇಲೆ ಮೆಲ್ಲಗೆ, "ಓದಿದವರನ್ನ ಯಾರನ್ನರೆ ಕರಕೊಂಡು ಬರ್ಲೇನಣ್ಣಾ?" ಅಂದಳು.

"ನನ್ನ ಮನಿ ಪೆಟ್ಟಿಗಿ ಮಂದಿ ಯಾಕ ಮುಟ್ಟಬೇಕು?" ಅಂತ ರೇಗಿದೆ.

ಅವಳ ನಗು ನಿಂತಿತು. ಅಣ್ಣ ಜಿಪುಣನಾದ ಅಂದುಕೊಂಡಿರಬೇಕು. ಅಂದುಕೊಳ್ಳಲಿ, ಅಣ್ಣನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅನ್ನುವುದಕ್ಕಿಂತ ಅದೇ ವಾಸಿ ಅನ್ನಿಸಿತು ನನಗೆ. ಆದರೂ ಕೇಳುವುದನ್ನು ಮಾತ್ರ ಬಿಡಲಿಲ್ಲ ಅವಳು.

ಹನ್ನೊಂದನೆಯ ರಾತ್ರಿ ರಸ್ತೆಯ ಬದಿ ನಿಂತಿದ್ದ ಅವಳಿಗೆ ಲಾರಿ ಬಡಿಯಿತು. ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಕ್ಕದ ಹುಲ್ಲಿನಲ್ಲಿ ಅವಳ ಫೋನ್ ಬೆಳಗುತ್ತಾ ಬಿದ್ದಿತ್ತು. ಗಾಜು ಒಡೆದಿತ್ತು. ಒಡೆದ ಗಾಜಿನಲ್ಲಿ ಅಕ್ಷತಾಳ ಫೋಟೊ... ಕರೆ ಬರುತ್ತಲೇ ಇತ್ತು. ನಾನು ಎತ್ತಲಿಲ್ಲ.

ದಿವಸದ ಕಾರ್ಯ ಮುಗಿಯುವ ತನಕ ಅಕ್ಷತಾ ಮನೆಯಲ್ಲಿದ್ದಳು. ಹಾವೇರಿಗೆ ಹೊರಡುವ ಮುಂಜಾನೆ ಗೂಡಿನ ಕಡೆ ನೋಡಿ ಕೇಳಿದಳು.

"ಮಾಮಾ, ಮನ್ಯಾಗ ನೆಟ್ ಇತ್ತಲ್ಲಾ. ಅವ್ವ ಯಾಕ ರಸ್ತೆಕ್ಕ ಹೋದ್ಲು?"

"ಅವತ್ತು ಕೆಟ್ಟಿತ್ತವ್ವಾ," ಅಂದೆ.

ಅವಳು ಹೆಗಲಿನ ಬ್ಯಾಗನ್ನು ನೆಲಕ್ಕೆ ಇಟ್ಟಳು. "ಹಂಗಾದ್ರ ನಂದ ತಪ್ಪು. ಹಿಂದಿನ ರಾತ್ರಿ ಮಾತಾಡುವಾಗ, ನಾಳೆ ಬ್ಯಾಡ, ನಾಡದು ಮಾತಾಡೂಣು ಅಂದಿದ್ಲು ಅವ್ವ. ನಾನ ಬಾ ಅಂತ ಹಟ ಹಿಡಿದೆ."

ಆಗಲಾದರೂ ಬಾಯಿ ತೆರೆಯಬಹುದಿತ್ತು. ನಾನು ದಬ್ಬಣ ತೆಗೆದುಕೊಂಡು ಅವಳ ಬ್ಯಾಗಿನ ಹರಿದ ಪಟ್ಟಿ ಹೊಲಿಯುತ್ತಾ ಕೂತೆ.

ಅವಳು ಹೋದ ಮೇಲೆ, ಹೆಂಡತಿ ರಸ್ತೆಯ ಕಡೆ ಹೋಗಿದ್ದಾಗ ಹಾಸ್ಟೆಲ್ ನೋಡಿಕೊಳ್ಳುವ ಅಕ್ಕನವರು ಫೋನ್ ಮಾಡಿದರು. ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲ, ನಾನೇ ಅವ್ವನ್ನ ಕೊಂದೆ ಅಂತಾಳೆ, ಓದು ಬಿಡುತ್ತೇನೆ ಅಂತಾಳೆ. ಅದನ್ನು ಕೇಳಿಯೂ ನಾನು ಖರೆ ಹೇಳಲಿಲ್ಲ.

ಇದಾಗಿ ನಾಲ್ಕೈದು ದಿನ. ನೀಲವ್ವ ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೆಂಡತಿ ಕುಪ್ಪೇಲೂರಿನ ತವರಿಗೆ ಹೋಗಿದ್ದಳು. ನನಗೆ ಕೆಲಸ ಸಾಗುತ್ತಿರಲಿಲ್ಲ, ಸಂಜೆಗೇ ಮನೆಗೆ ಬರುತ್ತಿದ್ದೆ. ಅವತ್ತು ಟಿವಿ ಹಚ್ಚದೆ ಒಬ್ಬನೇ ಕೂತಿದ್ದೆ. ಕೋಲ್ಡ್ ಸ್ಟೋರೇಜಿನ ಮಷೀನು ದೂರದಲ್ಲಿ ಗುಂಯ್ ಅನ್ನುತ್ತಿತ್ತು.

ಮೊದಲು ಬಂದದ್ದು ವಾಸನೆ.

ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟು ಇದ್ದದ್ದೇ, ನಮಗೆ ಅದು ಗೊತ್ತೇ ಆಗುವುದಿಲ್ಲ. ಇದು ಬೇರೆ. ಘಾಟಿನ ಜೊತೆ ಕೊಬ್ಬರಿ ಎಣ್ಣೆ... ಯಾರೋ ಈಗಷ್ಟೇ ಕೈಗೆ ಹಚ್ಚಿಕೊಂಡು ಹತ್ತಿರ ಬಂದು ನಿಂತ ಹಾಗೆ.

ಆಮೇಲೆ ಹಿಂದಿನ ಕೋಣೆಯ ಬಾಗಿಲಿಂದ...

ಟಕ್, ಟಕ್.

ಹೊರಗಿನಿಂದಲ್ಲ, ಕೋಣೆಯ ಒಳಗಿನಿಂದ. ಆ ಕೋಣೆಗೆ ನಾನೇ ಚಿಲಕ ಹಾಕಿದ್ದೆ.

ಕತ್ತು ತಿರುಗಿಸಲು ಆಗಲಿಲ್ಲ. ಕಣ್ಣು ಗೂಡಿನ ಮೇಲೆ ನಿಂತುಬಿಟ್ಟಿತು. ಪೆಟ್ಟಿಗೆಯ ಮೇಲೆ ಸಾಲಾಗಿ ಹಸಿರು ದೀಪಗಳಿವೆ. ಕೊನೆಯ ಒಂದು ದೀಪ ಕೂಡಿಸಿದ ದಿನದಿಂದ ಒಮ್ಮೆಯೂ ಹೊತ್ತಿರಲಿಲ್ಲ. ಈಗ ಅದು ಮಿನುಗುತ್ತಿತ್ತು. ಹೊತ್ತುವುದು, ಆರುವುದು... ಹೊತ್ತುವುದು, ಆರುವುದು... ಸ್ವಲ್ಪ ಹೊತ್ತಿನ ಮೇಲೆ ತಾನೇ ನಿಂತಿತು. ವಾಸನೆಯೂ ಹೋಯಿತು. ಗಡಿಯಾರದಲ್ಲಿ ಎಂಟು ಗಂಟೆ ಎರಡು ನಿಮಿಷ.

ಮರುದಿನ ರಾತ್ರಿ ಅದೇ ಹೊತ್ತು, ಅದೇ ವಾಸನೆ, ಅದೇ ಸಪ್ಪಳ. ದೀಪ ಮಿನುಗತೊಡಗಿತು. ನನ್ನ ಫೋನಿನಿಂದ ನೆಟ್ಟಿನ ಮೇಲೆಯೇ ರಫೀಕನಿಗೆ ಕರೆ ಮಾಡಿದೆ.

"ಕೊನೇ ದೀಪ ಮಿಣಕಾಕತ್ತೇತಿ ರಫೀಕ್. ತಾನ."

"ಅದು ತಾನ ಮಿಣಕೂದಿಲ್ಲರಿ. ಯಾರರೆ ಹಿಂದಿನ ಗುಂಡಿ ಒತ್ತಿರ್ತಾರ."

"ಮನ್ಯಾಗ ಯಾರೂ ಇಲ್ಲ."

"ನೀವ ಮರತು ಒತ್ತೀರಿ ನೋಡ್ರಿ," ಅಂತ ನಕ್ಕ. "ಅವತ್ತ ಹೇಳಿದ್ನಲ್ರಿ? ಒತ್ತಿದ್ರ ಎರಡು ನಿಮಿಷ ಫೋನಿನ ದಾರಿ ಕಾಯ್ತದ. ಹಳೇ ಫೋನಿನ್ಯಾಗ ವೈಫೈ ತಗದ್ರ ಎರಡು ಬಾಣದ ಚಿತ್ರ ಬರ್ತದ, ಒಂದರ ಹಿಂದ ಒಂದು ತಿರಗಿದಂಗ. ಅದನ್ನ ಒತ್ತಿದ್ರ ಕೂಡ್ತದ. ಅಕ್ಷರ ಬರಬೇಕಂತ ಏನಿಲ್ಲ. ಯಾರೂ ಬರಲಿಲ್ಲಂದ್ರ ದೀಪ ಆರತದ."

ಅಕ್ಷರ ಬರಬೇಕಂತ ಏನಿಲ್ಲ... ಆ ಮಾತು ಎದೆಗೆ ನಾಟಿತು.

"ರಫೀಕ್, ನಮ್ಮ ಮನ್ಯಾಗ ಹಳೇ ಫೋನ್ ಇರೂದು ಒಂದ. ಅದು ನಮ್ಮ ನೀಲವ್ವಂದು."

ಅವನಿಗೆ ಸುದ್ದಿ ಗೊತ್ತಿತ್ತು. "ನಾ ಬಂದು ನೋಡ್ತೇನ್ರಿ," ಅಂತ ಇಟ್ಟುಬಿಟ್ಟ. ಆಮೇಲೊಂದು ದಿನ ಬಂದು ಬಿಚ್ಚಿ ನೋಡಿದ. ಗುಂಡಿ ಸರಿಯಾಗೇ ಇದೆ ಅಂದ. ನನ್ನ ಮುಖ ನೋಡದೆ ಹೋದ.

ಆ ರಾತ್ರಿ ದೀಪ ಆರಿದ ಮೇಲೆ ಧೈರ್ಯ ಮಾಡಿ ಪೆಟ್ಟಿಗೆ ತಿರುಗಿಸಿದೆ. ಹಿಂದೆ ಸಣ್ಣ ಬಿಳಿ ಗುಂಡಿ. ಅದರ ಮೇಲೆ ಕೆಂಪಗೆ ಒಂದು ಗುರುತು, ಬೆರಳಿನ ತುದಿಯದಲ್ಲ, ಗೆಣ್ಣಿನದು. ಮುಟ್ಟಿದೆ. ಎಣ್ಣೆ ಇನ್ನೂ ಹಸಿ ಇತ್ತು. ಬೆರಳನ್ನು ನಾಲಿಗೆಗೆ ತಾಗಿಸಿದೆ. ಖಾರ.

ನನ್ನ ಕೈಯೂ ಮೆಣಸಿನಕಾಯಿಯ ಕೈಯೇ, ನಾನೇ ಯಾವಾಗಲೋ ಮುಟ್ಟಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ಕೈಗೆ ಕೊಬ್ಬರಿ ಎಣ್ಣೆ ಹಚ್ಚುವವನಲ್ಲ.

ಮೂರನೆಯ ದಿನ ಅವಳ ಟ್ರಂಕು ತೆಗೆದು ಒಡೆದ ಫೋನನ್ನು ಚಾರ್ಜಿಗೆ ಹಾಕಿದೆ. ಎಂಟಕ್ಕೆ ಮೊದಲೇ ಅದನ್ನು ಹಿಡಿದು ಗೂಡಿನ ಮುಂದೆ ಕೂತೆ. ಎರಡು ಬಾಣದ ಚಿತ್ರ ಹುಡುಕಿ ಇಟ್ಟುಕೊಂಡಿದ್ದೆ.

ವಾಸನೆ ಬಂತು.

ಟಕ್, ಟಕ್.

ದೀಪ ಮಿನುಗಿತು. ನಾನು ಬಾಣದ ಚಿತ್ರ ಒತ್ತಿದೆ. ಗಾಜು ಒಡೆದಲ್ಲಿ ಬೆರಳು ಹತ್ತಲಿಲ್ಲ. ಬೆರಳು ಮಡಿಚಿ ಗೆಣ್ಣಿನಿಂದ ಒತ್ತಿದೆ. ಏನೋ ತಿರುಗಿತು... ತಿರುಗಿತು... ಕೂಡಿತು.

ಹನ್ನೊಂದು ದಿನ ನನ್ನಿಂದ ಆಗದ ಕೆಲಸ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಫೋನ್ ಕೈಯಲ್ಲಿ ನಡುಗಿತು. ಟಿಣ್ ಅಂತ ಒಂದು ಮೆಸೇಜು. ಮತ್ತೊಂದು. ಒಂದರ ಮೇಲೊಂದು ಬರುತ್ತಲೇ ಇದ್ದವು. ಎಲ್ಲದರ ಪಕ್ಕದಲ್ಲೂ ಅಕ್ಷತಾಳ ಫೋಟೊ. ಎಲ್ಲವೂ ಧ್ವನಿಯ ಮೆಸೇಜು. ಓದಲು ಬಾರದ ತಾಯಿಗೆ ಅವಳು ಯಾವಾಗಲೂ ಹಾಗೇ ಕಳಿಸುತ್ತಿದ್ದಳು. ತಾಯಿ ಸತ್ತು ಹಾಸ್ಟೆಲಿಗೆ ಮರಳಿದ ಮೇಲೂ ದಿನಾ ಎಂಟು ಗಂಟೆಗೆ ಕಳಿಸಿದ್ದಳು.

ಒಂದನ್ನು ಒತ್ತಿದೆ.

"ಅವ್ವಾ... ಇವತ್ತೂ ಫೋನ್ ಕೊಟ್ರು. ಎಲ್ಲಾರೂ ಅವರವರ ಮನೀಗೆ ಮಾತಾಡಾಕತ್ತಾರ. ನಾ ಯಾರಿಗೆ ಮಾಡ್ಲಿ? ಅವತ್ತು ನಾ ಬಾ ಅನ್ನಬಾರದಿತ್ತವ್ವಾ. ನನ್ನ ಮ್ಯಾಲ ಸಿಟ್ಟಾಗಬ್ಯಾಡ."

ಅದು ಮುಗಿಯುವಷ್ಟರಲ್ಲಿ ಫೋನ್ ರಿಂಗಾಗತೊಡಗಿತು. ಒಡೆದ ಗಾಜಿನಲ್ಲಿ ಅದೇ ಫೋಟೊ, ಹುಲ್ಲಿನಲ್ಲಿ ಬಿದ್ದು ಬೆಳಗುತ್ತಿದ್ದಾಗ ಕಂಡದ್ದೇ. ಅವತ್ತು ಎತ್ತಿರಲಿಲ್ಲ. ಇವತ್ತು ಎತ್ತಿದೆ.

"ಅವ್ವಾ?"

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಮೆಸೇಜ್ ಎಲ್ಲಾ ಒಮ್ಮೆಲೇ ಮುಟ್ಯಾವು... ಯಾರದೀರಿ ಅಲ್ಲೆ?" ಪಿಸುಗುಟ್ಟಿದಂತೆ ಕೇಳಿದಳು.

"ನಾನವ್ವಾ. ನಿಮ್ಮ ಮಾಮಾ."

ಅವಳು ಅಳುವುದು ಕೇಳಿಸಿತು. ಆಮೇಲೆ ಅಳು ತಟ್ಟನೆ ನಿಂತಿತು.

"ಮಾಮಾ, ನಿಮ್ಮ ಹಿಂದ ಯಾರು ಬಾಗಲಾ ಬಡ್ಯಾಕತ್ತಾರ?"

ನನಗೂ ಕೇಳಿಸುತ್ತಿತ್ತು. ಟಕ್, ಟಕ್. ಅಣ್ಣಾ, ಆತೇನು ಅಂತ ಕೇಳುವಾಗಿನ ಬಡಿತ. ನಾನು ತಿರುಗಿ ನೋಡಲಿಲ್ಲ. ಗೂಡಿನ ಕಡೆ ನೋಡಿದೆ. ಫೋನ್ ಕೂಡಿಯಾಗಿತ್ತು, ಎರಡು ನಿಮಿಷವೂ ಯಾವಾಗಲೋ ಮುಗಿದಿತ್ತು. ದೀಪ ಆರಬೇಕಿತ್ತು. ಆರಿರಲಿಲ್ಲ. ಇನ್ನೂ ಏನನ್ನೋ ಕಾಯುವ ಹಾಗೆ ಹೊತ್ತುವುದು, ಆರುವುದು ಮಾಡುತ್ತಲೇ ಇತ್ತು.

ಅದು ಯಾವಾಗ ನಿಂತಿತು, ಬಾಗಿಲ ಸಪ್ಪಳ ಯಾವಾಗ ನಿಂತಿತು ನನಗೆ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡು, ಫೋನಿಗೂ ಆ ಕೋಣೆಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

"ಅಕ್ಷತಾ, ತಪ್ಪು ನಿಂದಲ್ಲವ್ವಾ. ಅವತ್ತು ನೆಟ್ ಕೆಟ್ಟಿರಲಿಲ್ಲ. ನನಗ ಹಚ್ಚಾಕ ಬರತಿರಲಿಲ್ಲ, ಬರೂದಿಲ್ಲ ಅನ್ನಾಕ ನಾಚಿಗಿ ಬಂತು. ನಿಮ್ಮವ್ವಗ ಸುಳ್ಳ ಹೇಳಿದೆ, ಆಮ್ಯಾಲ ನಿನಗೂ ಹೇಳಿದೆ. ಆಕಿನ್ನ ರಸ್ತೆಕ್ಕ ಕಳಿಸಿದಾಂವ ನಾನವ್ವಾ, ನೀ ಅಲ್ಲ... ನೀಲವ್ವಾ, ನೀನೂ ಕೇಳು. ತಪ್ಪಾತು ನಂದು."